ಎರಡನೇ ಸೀಟು ಕ್ರಿಯಾಪದಕ್ಕೆ: ನಾನು ಸ್ವೀಡಿಷ್ ಕಲಿತ ಬಗೆ

ಸ್ವೀಡನ್ನಿನ ಗೋಥೆನ್‌ಬರ್ಗಿಗೆ ಬಂದ ಹೊಸದರಲ್ಲಿ ನಾನು ಸ್ವೀಡಿಷನ್ನು ಇಂಗ್ಲಿಷಿನ ಮೂಲಕ ಕಲಿಯಲು ಹೊರಟಿದ್ದೆ. ಮನಸ್ಸಿನಲ್ಲಿ ಇಂಗ್ಲಿಷ್ ವಾಕ್ಯ ಕಟ್ಟುವುದು, ಒಂದೊಂದೇ ಪದ ತೆಗೆದು ಅಲ್ಲಿ ಸ್ವೀಡಿಷ್ ಪದ ಇಡುವುದು. ಎರಡೂ ಹತ್ತಿರದ ಭಾಷೆಗಳು ಅಲ್ವಾ, ಸಾಕಾಗುತ್ತೆ ಅಂದುಕೊಂಡಿದ್ದೆ. ಸಣ್ಣ ವಾಕ್ಯಗಳಲ್ಲಿ ನಡೆಯಿತು. 'ನಾಳೆ', 'ಇವತ್ತು', 'ಆಮೇಲೆ' ಅಂತ ಬಾಯಿ ತೆರೆದರೆ ಮಾತ್ರ ತಪ್ಪುತ್ತಿತ್ತು. ನಾವು ಕನ್ನಡದವರು ಅರ್ಧಕ್ಕರ್ಧ ಮಾತು ಶುರು ಮಾಡುವುದೇ ಹಾಗೆ.

ಇಲ್ಲಿ ಸ್ವೀಡಿಷ್ ಪದಗಳನ್ನು ಕಿವಿಗೆ ಬೀಳುವ ಹಾಗೆ ಬರೆಯುತ್ತಿದ್ದೇನೆ. ಅವುಗಳ ಕಾಗುಣಿತ ಬೇರೆ ಇರುತ್ತದೆ.

ಹೊರದೇಶದಿಂದ ಬಂದ ದೊಡ್ಡವರಿಗೆ ಇಲ್ಲಿ ನಗರಾಡಳಿತವೇ ದುಡ್ಡಿಲ್ಲದೆ ಸ್ವೀಡಿಷ್ ಕಲಿಸುತ್ತದೆ. ಎಸ್‌ಎಫ್‌ಐ ಅಂತಾರೆ. ಎ ಇಂದ ಡಿ ವರೆಗೆ ನಾಲ್ಕು ಹಂತ. ಜಾಸ್ತಿ ಓದಿದವರು ಸಾಮಾನ್ಯವಾಗಿ ಸಿ ಇಂದ ಶುರು ಮಾಡುತ್ತಾರೆ. ನಾನು ಕೆಲಸ ಮುಗಿಸಿ ಸಂಜೆ ಕ್ಲಾಸಿಗೆ ಹೋಗುತ್ತಿದ್ದೆ. ಒಂದು ದಿನ 'ನಾಳೆ ನಾನು ಬರ್ತೀನಿ' ಅನ್ನಲು 'ಇಮೊರೊನ್ ಯಾಗ್ ಕೊಮ್ಮೆರ್' ಅಂದೆ. ಇಮೊರೊನ್ ಅಂದರೆ ನಾಳೆ, ಯಾಗ್ ಅಂದರೆ ನಾನು, ಕೊಮ್ಮೆರ್ ಅಂದರೆ ಬರುವುದು. ಟೀಚರ್ ಏನೂ ಹೇಳಲಿಲ್ಲ. ಎರಡು ಬೆರಳು ಎತ್ತಿ ತೋರಿಸಿದರು, ಅಷ್ಟೇ. ಕ್ರಿಯಾಪದ ಎರಡನೇ ಜಾಗದಲ್ಲಿ ಬರಬೇಕು ಅಂತ. 'ಇಮೊರೊನ್ ಕೊಮ್ಮೆರ್ ಯಾಗ್.' ನಾಳೆ, ಬರುತ್ತೇನೆ, ನಾನು.

ಅವತ್ತು ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಐದು ಚೀಟಿ ಮಾಡಿಕೊಂಡೆ. ಯಾಗ್, ಶೋಪೆರ್, ಮ್ಯೋಲ್ಕ್, ಪೋ ಈಕಾ, ಇ ದಾಗ್. ನಾನು, ಕೊಳ್ಳುತ್ತೇನೆ, ಹಾಲು, ಈಕಾ ಅಂಗಡಿಯಲ್ಲಿ, ಇವತ್ತು. 'ಶೋಪೆರ್' ಚೀಟಿಯನ್ನು ಎರಡನೇ ಜಾಗದಲ್ಲಿಟ್ಟು ಅದರ ಮೇಲೆ ಉಪ್ಪಿನ ಡಬ್ಬಿ ಇಟ್ಟೆ, ಅಲುಗದ ಹಾಗೆ. ಉಳಿದವನ್ನು ಒಂದೊಂದಾಗಿ ಮುಂದಕ್ಕೆ ತಂದು ನೋಡಿದೆ.

ಯಾಗ್ ಶೋಪೆರ್ ಮ್ಯೋಲ್ಕ್ ಪೋ ಈಕಾ ಇ ದಾಗ್.
ಇ ದಾಗ್ ಶೋಪೆರ್ ಯಾಗ್ ಮ್ಯೋಲ್ಕ್ ಪೋ ಈಕಾ.
ಮ್ಯೋಲ್ಕ್ ಶೋಪೆರ್ ಯಾಗ್ ಪೋ ಈಕಾ ಇ ದಾಗ್.

ಮೂರೂ ಸರಿ. ಮೊದಲ ಜಾಗದಲ್ಲಿ ಯಾರು ಕೂತರೂ ಡಬ್ಬಿಯ ಕೆಳಗಿನ ಚೀಟಿ ಮಾತ್ರ ಕದಲಲಿಲ್ಲ. 'ನಾನು' ಮೊದಲ ಜಾಗ ಬಿಟ್ಟುಕೊಟ್ಟರೆ ಕ್ರಿಯಾಪದದ ಹಿಂದೆಯೇ ಹೋಗಿ ಕೂರುತ್ತದೆ. ನಮ್ಮ ಕಡೆ ಬಸ್ಸಿನ ಕಿಟಕಿಯಿಂದ ಕರ್ಚೀಫ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಹಾಗೆ ಸ್ವೀಡಿಷ್ ಕ್ರಿಯಾಪದ ಎರಡನೇ ಸೀಟು ಹಿಡಿದಿಟ್ಟಿರುತ್ತದೆ.

ಆ ಚೀಟಿಗಳನ್ನು ನೋಡುತ್ತಾ ಇನ್ನೊಂದು ವಿಷಯ ಹೊಳೆಯಿತು. ಇದು ನಮಗೆ ಗೊತ್ತಿರುವ ಸಂಗತಿಯೇ! 'ನಾನು ಇವತ್ತು ಹಾಲು ತಗೋತೀನಿ', 'ಹಾಲು ಇವತ್ತು ನಾನು ತಗೋತೀನಿ'. ಎಲ್ಲ ಪದಗಳನ್ನೂ ಅದಲುಬದಲು ಮಾಡಬಹುದು, ಕ್ರಿಯಾಪದದ ಮಾಮೂಲಿ ಜಾಗ ಮಾತ್ರ ಕೊನೆ. ಒತ್ತು ಕೊಡಬೇಕಾದ್ದನ್ನು ಮುಂದೆ ತರುವುದೂ ನಮಗೆ ಹೊಸದಲ್ಲ. ನನ್ನ ಮಟ್ಟಿಗೆ ಇಂಗ್ಲಿಷಿಗಿಂತ ಕನ್ನಡದಿಂದ ಹೊರಟರೆ ಈ ನಿಯಮ ಬೇಗ ಮನಸ್ಸಿಗೆ ಇಳಿಯುತ್ತದೆ.

ಎರಡನೇ ಜಾಗ ಅಂದರೆ ಎರಡನೇ ಪದ ಅಲ್ಲ ಅನ್ನುವುದನ್ನು ಮಾತ್ರ ಮೊದಲೇ ಗಟ್ಟಿ ಮಾಡಿಕೊಳ್ಳಿ. 'ನೇರ್ ಯಾಗ್ ಕೊಮ್ಮೆರ್ ಹೆಮ್ ಲಾಗರ್ ಯಾಗ್ ಮಾತ್.' ನಾನು ಮನೆಗೆ ಬಂದಾಗ ಅಡುಗೆ ಮಾಡುತ್ತೇನೆ. 'ನೇರ್ ಯಾಗ್ ಕೊಮ್ಮೆರ್ ಹೆಮ್', ಅಂದರೆ 'ನಾನು ಮನೆಗೆ ಬಂದಾಗ' ಅನ್ನುವಷ್ಟೂ ಸೇರಿ ಒಂದೇ ಸೀಟು. ಅದಾದ ತಕ್ಷಣ 'ಲಾಗರ್', ಅಂದರೆ ಮಾಡುವುದು. (ಮಾತ್ ಅಂದರೆ ಇಲ್ಲಿ ಊಟ, ಆಹಾರ. ನನಗೆ ತುಂಬ ಇಷ್ಟವಾದ ಪದ.) 'ಮತ್ತು', 'ಆದರೆ' ಅನ್ನುವ ಓಕ್, ಮೆನ್ ಪದಗಳಿಗೆ ಸೀಟೇ ಇಲ್ಲ, ಅವನ್ನು ಎಣಿಸಬಾರದು. ಹೌದು-ಇಲ್ಲ ಉತ್ತರದ ಪ್ರಶ್ನೆಯಲ್ಲಿ ಕ್ರಿಯಾಪದ ಮೊದಲಿಗೇ ಬರುತ್ತದೆ: ಕೊಮ್ಮೆರ್ ದೂ? ಬರ್ತೀಯಾ?

ಇನ್ನು ಸುಲಭದ ವಿಷಯ. ಕ್ರಿಯಾಪದ ಆಳು ನೋಡಿ ಬದಲಾಗುವುದಿಲ್ಲ. ನಾವು ಬರುತ್ತೇನೆ, ಬರುತ್ತೀಯ, ಬರುತ್ತಾಳೆ, ಬರುತ್ತಾರೆ ಅಂತ ಎಷ್ಟು ರೂಪ ಇಟ್ಟುಕೊಂಡಿದ್ದೇವೆ! ಸ್ವೀಡಿಷಿನಲ್ಲಿ ಎಲ್ಲಕ್ಕೂ ಕೊಮ್ಮೆರ್. ಅದಕ್ಕೇ ನಾನು, ನೀನು, ಅವಳು ಅನ್ನುವುದನ್ನು ಬಿಡುವ ಹಾಗಿಲ್ಲ. ನಾವು ಸುಮ್ನೆ 'ಬರ್ತೀನಿ' ಅಂದರೆ ಸಾಕು, ಅಲ್ಲಿ 'ಯಾಗ್' ಬೇಕೇ ಬೇಕು. ಹೇಳಲು ಕರ್ತೃವೇ ಇಲ್ಲದಿದ್ದರೂ ಜಾಗ ಖಾಲಿ ಬಿಡುವುದಿಲ್ಲ. 'ಮಳೆ ಬರ್ತಿದೆ' ಅನ್ನಲು 'ದೇ ರೆಂಗ್ನರ್' ಅಂತಾರೆ. ಆ 'ದೇ'ಗೆ ಅರ್ಥ ಏನೂ ಇಲ್ಲ, ಕರ್ತೃವಿನ ಜಾಗ ತುಂಬುತ್ತದೆ ಅಷ್ಟೇ. ಗೋಥೆನ್‌ಬರ್ಗಿನಲ್ಲಿ ಈ ವಾಕ್ಯ ಬಾಯಿಪಾಠವಾಗಲು ಒಂದು ವಾರವೂ ಬೇಕಾಗಲಿಲ್ಲ.

ನನ್ನನ್ನು ಜಾಸ್ತಿ ದಿನ ಕಾಡಿದ್ದು 'ಇಂತೆ'. ಇಂತೆ ಅಂದರೆ ಇಲ್ಲ, ಅಲ್ಲ. 'ಹನ್ ಕೊಮ್ಮೆರ್ ಇಂತೆ', ಅವನು ಬರುವುದಿಲ್ಲ. ಇಂತೆ ಕ್ರಿಯಾಪದದ ಹಿಂದಿದೆ, ನಮ್ಮ 'ಇಲ್ಲ'ದ ಹಾಗೆ. ಅದೇ ಮಾತು ಇನ್ನೊಂದು ವಾಕ್ಯದ ಒಳಗೆ ಹೋದರೆ ಇಂತೆ ಮುಂದಕ್ಕೆ ಜಿಗಿಯುತ್ತದೆ: 'ಯಾಗ್ ವೇತ್ ಅತ್ ಹನ್ ಇಂತೆ ಕೊಮ್ಮೆರ್', ಅವನು ಬರುವುದಿಲ್ಲ ಅಂತ ನನಗೆ ಗೊತ್ತು. ಒಳವಾಕ್ಯದಲ್ಲಿ ಇಂತೆ ಕ್ರಿಯಾಪದಕ್ಕಿಂತ ಮುಂದೆ ಬರುತ್ತದೆ ಅನ್ನುವ ಈ ನಿಯಮಕ್ಕೆ ಕ್ಲಾಸಿನಲ್ಲಿ 'ಬಿಫ್' ಅನ್ನುತ್ತಾರೆ, ಆ ನಿಯಮವನ್ನು ಹೇಳುವ ಸ್ವೀಡಿಷ್ ಪದಗಳ ಮೊದಲ ಅಕ್ಷರಗಳನ್ನು ಸೇರಿಸಿ. ನಿಯಮ ಗೊತ್ತಿದ್ದೂ ಬಾಯಿಗೆ ಬರುತ್ತಿರಲಿಲ್ಲ. ನನಗೆ ಸಹಾಯವಾದದ್ದು 'ಓತ್ತಾ ಸೀದೊರ್' ಅನ್ನುವ ಸುಲಭ ಸ್ವೀಡಿಷಿನ ಸುದ್ದಿಪತ್ರಿಕೆ. ದಿನಕ್ಕೆ ಒಂದೇ ಸುದ್ದಿ. 'ಅತ್', ಅಂದರೆ ನಮ್ಮ 'ಅಂತ', ಕಂಡಲ್ಲೆಲ್ಲ ಗೆರೆ ಎಳೆದು, ಅದರ ಮುಂದಿನದನ್ನು ಗಟ್ಟಿಯಾಗಿ ಮೂರು ಸಲ ಓದುತ್ತಿದ್ದೆ. ಎರಡು ತಿಂಗಳಾದ ಮೇಲೆ ತಪ್ಪಾಗಿ ಹೇಳಿದರೆ ನನ್ನ ಕಿವಿಗೇ ಅಪಸ್ವರ ಅನ್ನಿಸತೊಡಗಿತು.

ಕನ್ನಡ ನನ್ನ ಕೈ ಹಿಡಿದ ಇನ್ನೊಂದು ಜಾಗ ಇದೆ. ಆಫೀಸಿನಲ್ಲಿ ಒಬ್ಬರು ತಮ್ಮ ಕಂಪ್ಯೂಟರ್ ತೆಗೆದುಕೊಂಡು ಹೋದರು ಅನ್ನಲು 'ಹನ್ ತೂಗ್ ಹನ್ಸ್ ದಾತೊರ್' ಅಂದೆ. ಪಕ್ಕದಲ್ಲಿದ್ದವಳು ಗಾಬರಿಯಿಂದ ತಿರುಗಿ 'ವೆಮ್ಸ್?' ಅಂದಳು. ಯಾರದ್ದು? 'ಹನ್ಸ್' ಅಂದರೆ ಅವನ, ಅಂದರೆ ಬೇರೆ ಯಾರದ್ದೋ. 'ಸಿನ್' ಅಂದರೆ ತನ್ನ. ನಾನು 'ಸಿನ್ ದಾತೊರ್' ಅನ್ನಬೇಕಿತ್ತು. 'ತನ್ನ ಕಂಪ್ಯೂಟರ್' ಮತ್ತು 'ಅವನ ಕಂಪ್ಯೂಟರ್' ಎರಡರ ವ್ಯತ್ಯಾಸ ನಮ್ಮಲ್ಲಿ ಮಗುವಿಗೂ ಗೊತ್ತು! ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ, ನಾನು ಅದನ್ನು ಹಿಡಿದು ಹೋಗಿದ್ದೆ. ಆವತ್ತಿನಿಂದ ಇಲ್ಲಿ ಇಂಗ್ಲಿಷ್ ಬಿಟ್ಟು 'ತನ್ನ' ಅಂತಲೇ ಯೋಚಿಸುತ್ತೇನೆ.

ಎನ್ ಮತ್ತು ಎತ್ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಎರಡಕ್ಕೂ ಅರ್ಥ 'ಒಂದು'. ನಾಮಪದಗಳು ಈ ಎರಡು ಗುಂಪಿನಲ್ಲಿ ಹಂಚಿಹೋಗಿವೆ, ಸುಮಾರು ಮುಕ್ಕಾಲು ಭಾಗ ಎನ್. ನಮ್ಮ ನಪುಂಸಕಲಿಂಗದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮೇಜು ಎತ್, ಕುರ್ಚಿ ಎನ್, ಮಗು ಎತ್. ಗೊತ್ತಿರುವ ಒಂದನ್ನು ಹೇಳುವಾಗ ಇದೇ ಎನ್, ಎತ್ ಪದದ ಬಾಲಕ್ಕೆ ಅಂಟುತ್ತದೆ: ಬೂಕ್ ಪುಸ್ತಕ, ಬೂಕೆನ್ ಆ ಪುಸ್ತಕ. ಹೂಸ್ ಮನೆ, ಹೂಸೆತ್ ಆ ಮನೆ. ವಿಭಕ್ತಿಯನ್ನು ಕೊನೆಗೆ ಹಚ್ಚಿ ಅಭ್ಯಾಸ ಇರುವ ನಮಗೆ ಇದು ಕಷ್ಟವೇ ಅಲ್ಲ. ನಾನು ಹೊಸ ಪದವನ್ನು ಬಾಲದ ಜೊತೆಗೇ ಬರೆದುಕೊಳ್ಳುತ್ತೇನೆ. ಬೂಕ್ ಅಲ್ಲ, ಬೂಕೆನ್.

ಉಚ್ಚಾರದಲ್ಲೂ ನಮಗೆ ಅನುಕೂಲ ಇದೆ. ಇಲ್ಲಿನ ತ, ದ ನಮ್ಮ ತ, ದ ಗಳೇ, ನಾಲಿಗೆ ಹಲ್ಲಿಗೆ ತಾಗಬೇಕು. ಅವಕ್ಕಿಂತ ಮೊದಲು ರ್ ಇದ್ದರೆ ಅವು ಟ, ಡ ಆಗುತ್ತವೆ, ನ ಹೋಗಿ ಣ ಆಗುತ್ತದೆ. ಮಗುವಿಗೆ ಬರೆಯುವುದು ಬಾರ್ನ್, ಹೇಳುವುದು 'ಬಾಣ್'. ಮೇಜಿಗೆ ಬರೆಯುವುದು ಬೂರ್ಡ್, ಹೇಳುವುದು 'ಬೂಡ್'. ದಕ್ಷಿಣದ ಸ್ಕೋನೆ ಕಡೆ ಹೀಗಿಲ್ಲ, ಗೋಥೆನ್‌ಬರ್ಗ್, ಸ್ಟಾಕ್‌ಹೋಮ್ ಕಡೆ ಹೀಗೆ. ಲೈಬ್ರರಿಯಲ್ಲಿ ನಡೆಯುವ ಭಾಷಾ ಕೆಫೆಗೆ ಬರುವ ಒಬ್ಬ ಹಿರಿಯರು ನನ್ನ 'ಬಾಣ್' ಕೇಳಿ, ಇದನ್ನು ಯಾರು ಕಲಿಸಿದರು ಅಂತ ಕೇಳಿದರು. ನಮ್ಮ ಭಾಷೆಯಲ್ಲಿ ಇದೆ ಅಂದೆ. ಅವರನ್ನು 'ದೂ' ಅನ್ನಲು, ಅಂದರೆ ನೀನು ಅನ್ನಲು, ನನಗೆ ಇವತ್ತಿಗೂ ಸಂಕೋಚ. 1960ರ ದಶಕದ ಕೊನೆಯಿಂದ ಇಲ್ಲಿ ಬಹುತೇಕ ಎಲ್ಲರೂ ಎಲ್ಲರಿಗೂ 'ದೂ' ಅನ್ನುತ್ತಾರೆ, ಅವರೂ ಅದನ್ನೇ ಬಯಸುತ್ತಾರೆ.

ಈಗ ನಾನು ಕೂತಿರುವುದು 'ಇ' ಮತ್ತು 'ಪೋ' ಮುಂದೆ. ನಮ್ಮ 'ಅಲ್ಲಿ' ಎರಡನ್ನೂ ನುಂಗಿಬಿಡುತ್ತದೆ. ಅಡುಗೆಮನೆಯಲ್ಲಿ ಅನ್ನಲು 'ಇ ಶೋಕೆತ್', ಕೆಲಸದಲ್ಲಿ ಅನ್ನಲು 'ಪೋ ಯೊಬ್ಬೆತ್'. ಫ್ರಿಜ್ ಬಾಗಿಲ ಮೇಲೆ ಎರಡು ಸಾಲು ಚೀಟಿ ಅಂಟಿಸಿದ್ದೇನೆ. ಪೋ ಸಾಲು ಇ ಸಾಲಿಗಿಂತ ಬೇಗ ಬೆಳೆಯುತ್ತಿದೆ.