ಜಾಮ್ ಆದ 1210 ಎಂಜಿನ್: ಲೈನರ್ ಕೀಳದೆ ಬಿಡಿಸಿದ ಬಗೆ

ಹತ್ತು ಹನ್ನೆರಡು ವರ್ಷ ಬಯಲಲ್ಲೇ ನಿಂತು, ಒಳಗೆ ಪಿಸ್ಟನ್ ತುಕ್ಕಿಗೆ ಹಿಡಿದುಕೊಂಡು ಎಂಜಿನ್ ತಿರುಗದಂತಾಗಿದ್ದ ಟಾಟಾ 1210 ಲಾರಿ. 1969ರಲ್ಲಿ ಟಾಟಾಗೆ ಮರ್ಸಿಡಿಸ್-ಬೆಂಜ್ ಜೊತೆಗಿದ್ದ ಒಪ್ಪಂದ ಮುಗಿದು, ಮೂತಿಯ ಮೇಲಿನ ನಕ್ಷತ್ರ ಹೋಗಿ ‘ಟಿ’ ಬಂದ ನಂತರದ್ದು. ಎಂಜಿನ್ 692, ಅಂದರೆ ಆರು ಸಿಲಿಂಡರ್, 92 ಮಿ.ಮೀ. ಬೋರ್ (ಸಿಲಿಂಡರಿನ ಒಳವ್ಯಾಸ). ನೋಡಿದವರೆಲ್ಲರದೂ ಒಂದೇ ಮಾತು: ಲೈನರ್ (ಸಿಲಿಂಡರಿನ ಒಳಗೋಡೆಯ ಕೊಳವೆ) ಕೀಳಬೇಕು, ಇಲ್ಲ ಗುಜರಿಗೆ ಹಾಕಬೇಕು. ಲೈನರ್, ಪಿಸ್ಟನ್, ಲೇತ್ ಕೂಲಿ ಎಲ್ಲ ಸೇರಿ ಲಕ್ಷದ ಮೇಲೆ ಹೇಳಿದ್ದರು. ನನಗೆ ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ಮುಗಿಯಿತು. ಅದರಲ್ಲೂ ಅರ್ಧ ಡೀಸೆಲ್ ಪಂಪಿಗೇ ಹೋಯಿತು. ಲೈನರ್ ಒಂದನ್ನೂ ಮುಟ್ಟಲಿಲ್ಲ.

ಮೊದಲ ತಿಂಗಳು ದಂಡ. ನಾಜಲ್ (ಡೀಸೆಲ್ ಸಿಂಪಡಿಸುವ ಮೂತಿ) ಬಿಚ್ಚಿ, ತೂತಿಗೆ 50 ಮಿ.ಲೀ. ಸೀಮೆಎಣ್ಣೆ ಬಿಟ್ಟು ಕಾದೆ. ಪಿಸ್ಟನ್ ನೆತ್ತಿಯ ಗುಳಿಯೇ ಅದರ ಬಹುಪಾಲನ್ನು ನುಂಗುತ್ತದೆ. ತುಕ್ಕು ಇರುವುದು ಅಂಚಿನಲ್ಲಿ. ಆಮೇಲೆ ಎಟಿಎಫ್ (ಆಟೊಮ್ಯಾಟಿಕ್ ಗೇರ್ ಬಾಕ್ಸಿನ ಎಣ್ಣೆ), ಅಸಿಟೋನ್ ಸಮಸಮ ಬೆರೆಸಿ ಸಿಲಿಂಡರಿಗೆ ತಲಾ 150 ಮಿ.ಲೀ. ಸುರಿದೆ. ಅಸಿಟೋನ್ ಆರದಂತೆ ಮರದ ಬಿರಡೆ ಹಾಕಿ. ರಬ್ಬರ್ ಆದರೆ ಉಬ್ಬಿ ಕೆಡುತ್ತದೆ. ಹತ್ತಿರ ಬೀಡಿ, ವೆಲ್ಡಿಂಗ್ ಏನೂ ಬೇಡ.

ಯಾವ ಸಿಲಿಂಡರ್ ಹಿಡಿದಿದೆ ಎಂದು ತಂತಿ ಅದ್ದಿ ನೋಡಿದೆ. ಉಳಿದವುಗಳಲ್ಲಿ ಎರಡು ದಿನದಲ್ಲಿ ಮಟ್ಟ ಇಳಿಯಿತು, ಎರಡನೆಯದರಲ್ಲಿ ಐದು ದಿನವಾದರೂ ಕೂದಲೆಳೆಯಷ್ಟೂ ಇಳಿಯಲಿಲ್ಲ. ಅದರ ಎಕ್ಸಾಸ್ಟ್ ವಾಲ್ವ್ ತೆರೆದೇ ನಿಂತಿತ್ತು. ಸೈಲೆನ್ಸರ್ ಕಡೆಯಿಂದ ತೇವ ನೇರ ಒಳಗೆ.

ತಿರುಗಿಸುವ ಮುಂಚೆ ವಾಲ್ವುಗಳನ್ನು ಒತ್ತುವ ರಾಕರ್ ಶಾಫ್ಟ್ ಇಳಿಸಿ, ಪ್ರತಿ ವಾಲ್ವಿಗೂ ಮರದ ಸುತ್ತಿಗೆಯಿಂದ ತಟ್ಟಿ. ಚಿಮ್ಮಿ ಮೇಲೆ ಬರದಿದ್ದರೆ ಅದೂ ಹಿಡಿದಿದೆ, ಪಿಸ್ಟನ್ ಬಂದು ಗುದ್ದುತ್ತದೆ. ಸ್ಟಾರ್ಟರ್ ಮುಟ್ಟಲೇಬೇಡಿ. ಗೇರಿಗೆ ಹಾಕಿ ಟ್ರ್ಯಾಕ್ಟರಿನಿಂದ ಎಳೆಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪುಲ್ಲಿಯ ಮೇಲೆ ಚಾಕ್ ಗೆರೆ ಎಳೆದು, ಕ್ರ್ಯಾಂಕ್ ನಟ್ಟಿಗೆ ಪಾನಾ ಹಾಕಿ ಹಿಂದೆ ಮುಂದೆ ಆಡಿಸಿದೆ. ಮೊದಲ ದಿನ ಗೆರೆ ಎರಡು ಮಿ.ಮೀ. ಸರಿಯಿತು, ಅಷ್ಟೇ. ತಡೆದಲ್ಲಿ ಒತ್ತಬಾರದು; ಹಿಂದಕ್ಕೆ ತಂದು ಮತ್ತೆ ಸುರಿಯಬೇಕು. ಪೂರ್ತಿ ಒಂದು ಸುತ್ತು ಬರಲು ಮೂರು ವಾರ ಹಿಡಿಯಿತು. ಎರಡನೆಯದಕ್ಕೆ ಕೊನೆಯಲ್ಲಿ ಬೇರೊಂದು ದ್ರವವನ್ನೂ ಬಿಟ್ಟೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಈ ನಡುವೆ ಬ್ರೇಕ್ ಡ್ರಮ್ಮುಗಳನ್ನು ಕಾಕಂಬಿಯಲ್ಲಿ ನೆನೆಹಾಕಿದೆ: ಒಂದು ಪಾಲು ಕಾಕಂಬಿ, ಒಂಬತ್ತು ಪಾಲು ನೀರು, ಎರಡು ವಾರ. ನಾತ ಬಿಟ್ಟರೆ ಕೆಲಸ ಅದ್ಭುತ, ಬೀಡು ಬೂದುಬಣ್ಣಕ್ಕೆ ತಿರುಗಿತು. ಜೊತೆಗೆ ಹಾಕಿದ್ದ ಅಲ್ಯೂಮಿನಿಯಂ ಮುಚ್ಚಳವನ್ನು ಮಾತ್ರ ತಿಂದುಹಾಕಿತು.

ಸ್ಟಾರ್ಟ್ ಮಾಡುವ ಮುನ್ನ ಆಯಿಲ್ ಪೂರ್ತಿ ಬದಲಿಸಿ, ಅಸಿಟೋನ್ ಅದರಲ್ಲಿ ಇಳಿದಿರುತ್ತದೆ. ನಾಜಲ್ ಹಾಕದೆ ಹತ್ತಾರು ಸುತ್ತು ತಿರುಗಿಸಿ ಒಳಗಿನ ದ್ರವ ಹೊರಹಾಕಿ. ಪಂಪಿನ ರ‍್ಯಾಕ್ (ಡೀಸೆಲ್ ಎಷ್ಟು ಹೋಗಬೇಕೆಂದು ನಿಯಂತ್ರಿಸುವ ಸರಳು) ಸಲೀಸಾಗಿ ಆಡಬೇಕು. ನನ್ನದು ಹಳೇ ಡೀಸೆಲ್ ಅಂಟಿಗೆ ಫುಲ್ಲಿನಲ್ಲೇ ನಿಂತಿತ್ತು. ಹಾಗೇ ಸ್ಟಾರ್ಟ್ ಮಾಡಿದ್ದರೆ ಎಂಜಿನ್ ಕೈಮೀರಿ ಓಡುತ್ತಿತ್ತು. ಪಂಪ್ ಸರಿಯಾದ ಮೇಲೂ ಎಂಜಿನ್ ಕೈಮೀರಿದರೆ ಗಾಳಿದಾರಿ ಮುಚ್ಚಿ ನಿಲ್ಲಿಸಲು ಹಲಗೆ ಕೈಯಲ್ಲೇ ಇತ್ತು.

ಇಪ್ಪತ್ತು ನಿಮಿಷ ನೀಲಿ ಹೊಗೆ, ಆಮೇಲೆ ತಿಳಿಯಾಯಿತು. ಎರಡನೆಯದು ಈಗಲೂ ಸ್ವಲ್ಪ ಆಯಿಲ್ ಕುಡಿಯುತ್ತದೆ, ಸಾವಿರ ಕಿ.ಮೀ.ಗೆ ಹತ್ತಿರ ಹತ್ತಿರ ಒಂದು ಲೀಟರ್.