ಹೊಸ ರಿಮ್‌ಗೆ ಟೈರ್ ಹಾಕಿಸುವ ಮುನ್ನ ಅಂಗಡಿ ಆರಿಸುವುದು ಹೇಗೆ?

ಹೊಸ ಅಲಾಯ್ ವ್ಹೀಲ್ ಕೊಳ್ಳುವಾಗ ವಾರಗಟ್ಟಲೆ ಯೋಚಿಸುತ್ತೇವೆ. ಡಿಸೈನು, ಬಣ್ಣ, ಸೈಜು ಎಲ್ಲ ಅಳೆದು ತೂಗಿ ನೋಡುತ್ತೇವೆ. ಟೈರ್ ಹಾಕಿಸುವ ಅಂಗಡಿಯನ್ನು ಮಾತ್ರ ಹತ್ತಿರ ಇದೆ ಎಂಬ ಒಂದೇ ಕಾರಣಕ್ಕೆ ಒಪ್ಪಿಕೊಂಡುಬಿಡುತ್ತೇವೆ. ಎಡವಟ್ಟಾಗುವುದು ಅಲ್ಲೇ. ರಿಮ್ಮಿನ ಅಂಚಿಗೆ ಗೀರು ಬಿದ್ದರೆ ಕಣ್ಣಿಗೆ ಕಾಣುತ್ತದೆ. ಟೈರಿನ ಒಳ ಅಂಚು ಹರಿದಿದ್ದರೆ, ನಟ್ ವಿಪರೀತ ಬಿಗಿಯಾಗಿದ್ದರೆ ಕಾಣುವುದಿಲ್ಲ. ಹಾಗಾಗಿ ಕೆಲಸ ಒಪ್ಪಿಸುವ ಮುಂಚೆಯೇ ಅಂಗಡಿಯನ್ನು ಅಳೆಯಬೇಕು.

ಮೊದಲು ಒಂದು ಫೋನ್

ರೇಟು ಆಮೇಲೆ ಕೇಳಿ. ಮೊದಲು ಗಾಡಿ ಯಾವುದು, ರಿಮ್ ಎಷ್ಟು ಇಂಚು, ಟೈರ್ ಸೈಜು ಏನು ಎಂದು ಹೇಳಿ, ಅವರು ತಿರುಗಿ ಏನು ಕೇಳುತ್ತಾರೆ ಎಂದು ಗಮನಿಸಿ. ಕೆಲಸ ಗೊತ್ತಿದ್ದವರು ‘ಒಳಗೆ ಗಾಳಿ ಒತ್ತಡದ ಸೆನ್ಸರ್ ಇದೆಯಾ?’ ಎಂದು ಕೇಳೇ ಕೇಳುತ್ತಾರೆ. ಆ ಸೆನ್ಸರ್ ಸಾಮಾನ್ಯವಾಗಿ ವಾಲ್ವ್‌ಗೆ ಅಂಟಿಕೊಂಡಂತೆ ರಿಮ್ ಒಳಗೆ ಇರುತ್ತದೆ. ಅದು ಎಲ್ಲಿದೆ ಎಂದು ನೋಡದೆ ಟೈರ್ ಹಾಕುವ ಮೆಶಿನ್ ತಿರುಗಿಸಿದರೆ ಮುರಿದೇ ಹೋಗಬಹುದು.

ನೀವೂ ಮೂರು ಪ್ರಶ್ನೆ ಕೇಳಿ. ಬೇರೆ ಕಡೆ ಕೊಂಡ ಟೈರ್, ರಿಮ್ ತಂದರೆ ಹಾಕಿಕೊಡುತ್ತೀರಾ? ವಾಲ್ವ್, ಬ್ಯಾಲೆನ್ಸಿಂಗ್ (ವ್ಹೀಲ್ ಸಮತೂಕದಲ್ಲಿ ತಿರುಗುವಂತೆ ಮಾಡುವುದು), ಅದಕ್ಕೆ ಹಾಕುವ ತೂಕದ ತುಂಡು ಎಲ್ಲ ಸೇರಿಯೇ ಈ ರೇಟಾ? ರಿಮ್ಮಿಗೆ ಗೀರು ಬಿದ್ದರೆ ಯಾರ ಹೊಣೆ? ಮೂರನೆಯದಕ್ಕೆ ‘ಹಾಗೆಲ್ಲ ಆಗಲ್ಲ ಬಿಡಿ’ ಎಂಬ ಉತ್ತರ ಸಾಲದು. ‘ಹಾಕುವ ಮುಂಚೆ ನಿಮ್ಮೆದುರೇ ರಿಮ್ ನೋಡ್ತೀವಿ, ನಮ್ಮಿಂದ ಆದರೆ ನಾವೇ ಸರಿಮಾಡಿಸ್ತೀವಿ’ ಎನ್ನುವವರು ಸಿಕ್ಕರೆ ಅಲ್ಲಿಗೆ ಹೋಗಿ.

ಬರಿಗೈಲಿ ಹೋಗಿ, ನಿಂತು ನೋಡಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ನಿಮ್ಮ ಟೈರ್ ಒಯ್ಯಬೇಡಿ. ಬೇರೆ ಯಾರದ್ದೋ ಟೈರ್ ಹಾಕುವಾಗ ಸ್ವಲ್ಪ ಹೊತ್ತು ಸುಮ್ನೆ ನಿಂತು ನೋಡಿ. ಹತ್ತಿರ ಬರಬೇಡಿ ಎಂದರೆ ಅದು ಸುರಕ್ಷತೆಗೆ, ಒಪ್ಪಬೇಕು. ಆದರೆ ದೂರದಿಂದಲೂ ನೋಡಲು ಬಿಡುವುದಿಲ್ಲ ಎಂದರೆ ಬೇರೆ ಅಂಗಡಿ ಹುಡುಕಿ.

ಮೊದಲು ಮೆಶಿನ್ ಗಮನಿಸಿ. ರಿಮ್ ಹಿಡಿಯುವ ಕೊಕ್ಕೆಗಳಿಗೂ, ಟೈರನ್ನು ಅಂಚು ದಾಟಿಸುವ ತಲೆಗೂ ಪ್ಲಾಸ್ಟಿಕ್ ಕವಚ ಇರಬೇಕು. ಕವಚ ಸವೆದು ಕಬ್ಬಿಣ ಕಾಣುತ್ತಿದ್ದರೆ ಅಲ್ಲಿ ಅಲಾಯ್ ಕೊಡಬೇಡಿ. ರಿಮ್ಮನ್ನು ನಡುವಿನ ತೂತಿನಲ್ಲೇ ಹಿಡಿಯುವ, ಟೈರ್ ಮೀಟಲು ಲಿವರ್ ಬೇಕಿಲ್ಲದ ಮೆಶಿನ್ ಇದ್ದರೆ ಇನ್ನೂ ಒಳ್ಳೆಯದು. ಅಗಲ ರಿಮ್, ಗಿಡ್ಡ ಪಕ್ಕೆಯ ಟೈರ್ ಇದ್ದವರಿಗಂತೂ ಅದು ಬೇಕೇ ಬೇಕು.

ಆಮೇಲೆ ಕೆಲಸಗಾರರ ಕೈಯತ್ತ ಕಣ್ಣಿಡಿ. ಟೈರಿನ ಒಳ ಅಂಚಿಗೆ ಬೀಡ್ ಎನ್ನುತ್ತಾರೆ. ಅದರೊಳಗೆ ಉಕ್ಕಿನ ತಂತಿ ಇದೆ, ಅದು ಹಿಗ್ಗುವುದಿಲ್ಲ. ರಿಮ್ಮಿನ ಒಳಗೆ ಸುತ್ತಲೂ ಒಂದು ತಗ್ಗು ಇರುತ್ತದೆ. ಬೀಡ್ ಒಂದು ಕಡೆ ರಿಮ್ ಅಂಚನ್ನು ದಾಟುವಾಗ, ಅದರ ಎದುರು ಭಾಗ ಆ ತಗ್ಗಿನೊಳಗೆ ಕೂತಿರಬೇಕು. ಆಗ ಟೈರ್ ಸಲೀಸಾಗಿ ಒಳಗೆ ಹೋಗುತ್ತದೆ. ಬಲ್ಲವರು ಅಂಗೈಯಿಂದಲೋ ಮೆಶಿನ್ನಿನ ತೋಳಿನಿಂದಲೋ ಎದುರು ಭಾಗವನ್ನು ಒತ್ತಿ ಹಿಡಿದೇ ತಿರುಗಿಸುತ್ತಾರೆ. ಒತ್ತದೆ, ಬಿಗಿ ಬಂದರೂ ನಿಲ್ಲಿಸದೆ ಎಳೆದರೆ ತಂತಿ ಬಾಗುತ್ತದೆ ಅಥವಾ ರಬ್ಬರ್ ಹರಿಯುತ್ತದೆ. ಹೊರಗಿಂದ ಗೊತ್ತೇ ಆಗಲ್ಲ.

ಬೀಡ್‌ಗೆ ಸುತ್ತಲೂ ಟೈರ್ ಪೇಸ್ಟ್ ಹಚ್ಚುತ್ತಾರಾ ಎಂದೂ ನೋಡಿ. ಗ್ರೀಸ್, ಎಂಜಿನ್ ಆಯಿಲ್ ಹಚ್ಚುವ ಅಂಗಡಿ ಬೇಡವೇ ಬೇಡ. ಅದು ರಬ್ಬರನ್ನು ಹಾಳು ಮಾಡುತ್ತದೆ, ಬ್ರೇಕ್ ಹಾಕಿದಾಗ ರಿಮ್ ಮೇಲೆ ಟೈರ್ ಜಾರಲೂಬಹುದು.

ಗಾಳಿ ತುಂಬುವಾಗ ಬೀಡ್ ‘ಟಪ್’ ಎಂದು ಜಾಗಕ್ಕೆ ಕೂರುತ್ತದೆ. ಕಾರ್ ಟೈರ್ ಸಾಮಾನ್ಯವಾಗಿ 40 ಪಿಎಸ್‌ಐ ಒಳಗೇ ಕೂರಬೇಕು. ಕೂರದಿದ್ದರೆ ಗಾಳಿ ಬಿಟ್ಟು, ಮತ್ತೆ ಪೇಸ್ಟ್ ಹಚ್ಚಿ ನೋಡಬೇಕೇ ಹೊರತು ಒತ್ತಡ ಏರಿಸುತ್ತಾ ಹೋಗಬಾರದು. ಟೈರ್ ಸಿಡಿದರೆ ಮೇಲೆ ಬಗ್ಗಿ ನಿಂತವರ ಜೀವಕ್ಕೇ ಅಪಾಯ. ಮೀಟರ್ ನೋಡುತ್ತಾ ದೂರ ನಿಂತು ಗಾಳಿ ತುಂಬುವ ಅಂಗಡಿಯವರನ್ನು ನಂಬಬಹುದು.

ಕೆಲಸದ ದಿನ

ಟೈರ್ ಪಕ್ಕೆಯಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿಕೊಳ್ಳಿ. 2324 ಎಂದಿದ್ದರೆ 2024ರ 23ನೇ ವಾರ ತಯಾರಾದದ್ದು. ಪೂರ್ತಿ ಅಂಕಿ ಒಂದೇ ಪಕ್ಕೆಯಲ್ಲಿ ಇರಬಹುದು, ಹಾಗಾಗಿ ಹಾಕುವ ಮುಂಚೆಯೇ ನೋಡುವುದು ಸುಲಭ. ಬಾಣದ ಗುರುತಿದ್ದರೆ ಟೈರ್ ಉರುಳುವ ದಿಕ್ಕಿಗೆ ಇರಬೇಕು. ಹೊರಭಾಗ ಎಂದು ಬರೆದದ್ದು ಹೊರಗೇ ಬರಬೇಕು. ಹಳದಿ ಚುಕ್ಕಿ ಇದ್ದರೆ ಅದು ಟೈರಿನ ಹಗುರ ಭಾಗ. ಅದನ್ನು ವಾಲ್ವ್ ಪಕ್ಕಕ್ಕೆ ತಂದು ಹಾಕುವವರಿಗೆ ಕೆಲಸ ಗೊತ್ತಿದೆ ಎಂದೇ ಲೆಕ್ಕ.

ಬ್ಯಾಲೆನ್ಸಿಂಗ್ ವಿಷಯದಲ್ಲಿ ಒಂದು ಮಾತು. ಅಲಾಯ್‌ಗೆ ಒಳಗಡೆ ಅಂಟಿಸುವ ತೂಕವೇ ವಾಸಿ, ಅಂಚಿಗೆ ಬಡಿದು ಕೂರಿಸುವ ತೂಕದಿಂದ ಗುರುತು ಬೀಳುತ್ತದೆ. ಅಂಟಿಸುವ ಜಾಗ ಒರೆಸಬೇಕು. ಅಂಟಿಸಿದ ಮೇಲೆ ಇನ್ನೊಮ್ಮೆ ತಿರುಗಿಸಿದಾಗ ಬ್ಯಾಲೆನ್ಸಿಂಗ್ ಮೆಶಿನ್ ಎರಡೂ ಕಡೆ ಸೊನ್ನೆ ತೋರಿಸಬೇಕು. ಒಂದೇ ಕಡೆ ತೂಕ ಸಾಲುಸಾಲಾಗಿ ಅಂಟಿಸಬೇಕಾಗಿ ಬಂದರೆ, ಗಾಳಿ ಬಿಟ್ಟು ಟೈರನ್ನು ರಿಮ್ ಮೇಲೆ ಅರ್ಧ ಸುತ್ತು ತಿರುಗಿಸಿ ನೋಡಿ ಎಂದು ಕೇಳಿ. ಎಷ್ಟೋ ಸಲ ತೂಕ ಕಡಿಮೆ ಸಾಕಾಗುತ್ತದೆ. ಒಳ್ಳೆಯ ಅಂಗಡಿಯಲ್ಲಿ ಕೇಳದೆಯೇ ಹೀಗೆ ಮಾಡುತ್ತಾರೆ.

ನಟ್ ಬಿಗಿಯುವಾಗ ಅಲ್ಲೇ ಇರಿ

ಹೊಸ ರಿಮ್ ಎಂದರೆ ಹಳೇ ನಟ್ ಕೂರಲೇಬೇಕು ಅಂತಿಲ್ಲ. ಕೆಲವದಕ್ಕೆ ಶಂಕುವಿನಾಕಾರದ ತಳ ಇರುವ ನಟ್ ಬೇಕು, ಕೆಲವದಕ್ಕೆ ದುಂಡನೆಯ ತಳದ್ದು. ತಪ್ಪು ನಟ್ ಬಿಗಿಯಾದಂತೆ ಕಂಡರೂ ಸಡಿಲವಾಗಬಹುದು. ಕಂಪನಿ ರಿಮ್ ಅಲ್ಲದಿದ್ದರೆ ನಡುವಿನ ತೂತು ಗಾಡಿಯ ಹಬ್‌ಗಿಂತ (ರಿಮ್ ಕೂರುವ ನಡುಭಾಗ) ದೊಡ್ಡದಿರಬಹುದು, ಆಗ ಆ ಸಂದು ತುಂಬುವ ಹಬ್ ರಿಂಗ್ ಬೇಕಾ ಎಂದು ಕೇಳಿ. ಈ ಎರಡನ್ನೂ ಅವರಾಗಿಯೇ ಪರೀಕ್ಷಿಸಿದರೆ ಸರಿಯಾದ ಜಾಗಕ್ಕೇ ಬಂದಿದ್ದೀರಿ.

ನಟ್ಟನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಬೇಕು. ಆಮೇಲೆ ಒಂದರ ನಂತರ ಅದರ ಎದುರಿನದನ್ನು ಬಿಗಿಯುತ್ತಾ ಹೋಗಬೇಕು. ಕೊನೆಗೆ ಬಿಗಿಯನ್ನು ಅಳೆದು ಬಿಗಿಯುವ ಟಾರ್ಕ್ ವ್ರೆಂಚ್ ಬೇಕೇ ಬೇಕು. ಎಷ್ಟು ಬಿಗಿಯಬೇಕು ಎಂಬುದು ಗಾಡಿಯ ಕೈಪಿಡಿಯಲ್ಲಿ ನ್ಯೂಟನ್ ಮೀಟರ್ ಲೆಕ್ಕದಲ್ಲಿ ಇರುತ್ತದೆ, ಆ ಪುಟದ ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಗಾಳಿ ಗನ್ನಿನಿಂದಲೇ ‘ಗರ್ರ್’ ಎನಿಸಿ ಮುಗಿಸಿದರೆ ಬೋಲ್ಟ್ ಹಿಗ್ಗಬಹುದು. ರಸ್ತೆ ನಡುವೆ ಪಂಕ್ಚರ್ ಆದಾಗ ಅದೇ ನಟ್ ನಿಮ್ಮ ಕೈಗೆ ಬಿಚ್ಚಲೂ ಬರುವುದಿಲ್ಲ.

50ರಿಂದ 100 ಕಿಲೋಮೀಟರ್ ಓಡಿಸಿದ ಮೇಲೆ ಬನ್ನಿ, ಇನ್ನೊಮ್ಮೆ ಬಿಗಿ ನೋಡ್ತೀವಿ ಎಂದು ಅವರೇ ಕರೆಯಬೇಕು. ಕರೆಯದಿದ್ದರೂ ಹೋಗಿ. ವೇಗದಲ್ಲಿ ಸ್ಟೀರಿಂಗ್ ನಡುಗಿದರೆ ಆಗಲೇ ಹೇಳಿ, ಮತ್ತೆ ಬ್ಯಾಲೆನ್ಸ್ ಮಾಡಿಸಿಕೊಳ್ಳಿ. ಮೊದಲ ವಾರ ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ, ಟೈರ್ ತಣ್ಣಗಿರುವಾಗಲೇ ಗಾಳಿ ಅಳೆಯಿರಿ. ಒಂದರಲ್ಲಿ ಮಾತ್ರ ಕಡಿಮೆಯಾಗುತ್ತಿದ್ದರೆ ವಾಲ್ವ್ ಬುಡಕ್ಕೂ ರಿಮ್ ಅಂಚಿಗೂ ಸೋಪು ನೀರು ಹಾಕಿ. ಗುಳ್ಳೆ ಎದ್ದ ಜಾಗಕ್ಕೆ ಚಾಕ್‌ಪೀಸಿನಿಂದ ಗುರುತು ಮಾಡಿ, ಬಿಲ್ಲಿನ ಜೊತೆ ಅದೇ ಅಂಗಡಿಗೆ ತೆಗೆದುಕೊಂಡು ಹೋಗಿ.