ಸೇಬಿನೊಳಗಿನ ನಕ್ಷತ್ರ ಕರಗದ ಹಾಗೆ

ಸೇಬನ್ನು ನಾವೆಲ್ಲ ತೊಟ್ಟಿನಿಂದ ಕೆಳಕ್ಕೆ ಉದ್ದುದ್ದ ಹೆಚ್ಚುವವರು. ಅಡ್ಡಕ್ಕೆ ಹೆಚ್ಚಿದರೆ ಬೀಜದ ಗೂಡುಗಳು ಐದು ಮೂಲೆಯ ನಕ್ಷತ್ರವಾಗಿ ಕಾಣುತ್ತವೆ ಅನ್ನುವುದು ನನಗೆ ಗೊತ್ತಾಗಿದ್ದು ಇಂಗ್ಲೆಂಡಿನ ಸಾಮರ್‌ಸೆಟ್‌ಗೆ ಬಂದಮೇಲೆ, ಪಕ್ಕದ ಮನೆ ಅಜ್ಜಿಯ ಅಡುಗೆಮನೆಯಲ್ಲಿ. ಆಕೆ ಪೇಗನ್, ಅಂದರೆ ಕ್ರೈಸ್ತಧರ್ಮಕ್ಕೂ ಮುಂಚಿನ ಪ್ರಕೃತಿಪೂಜೆಯ ದಾರಿ ಹಿಡಿದವರು. ಗ್ಲಾಸ್ಟನ್‌ಬರಿಯ ಸುತ್ತಮುತ್ತ ಇದೇನೂ ಅಪರೂಪವಲ್ಲ. ಅಲ್ಲಿನ ಗುಡ್ಡವೇ ಆರ್ಥರ್ ರಾಜನ ಕತೆಗಳಲ್ಲಿ ಬರುವ ಅವಲಾನ್ ದ್ವೀಪ ಅಂತ ನಂಬುವವರಿದ್ದಾರೆ. ವೆಲ್ಷ್ ಭಾಷೆಯಲ್ಲಿ ‘ಅವಲ್’ ಅಂದರೆ ಸೇಬು. ಐದು ಮೂಲೆಯ ನಕ್ಷತ್ರ ಪೇಗನ್ನರಿಗೆ ಪವಿತ್ರ ಗುರುತು. ಹಾಗಾಗಿ ಹಬ್ಬದ ಸಿಹಿಗೆ ಸೇಬೇ ಆಗಬೇಕು.

ಇವರದ್ದು ವರ್ಷಕ್ಕೆ ಎಂಟು ಹಬ್ಬ. ಸೆಪ್ಟೆಂಬರಿನಲ್ಲಿ ಹಗಲು ಇರುಳು ಸಮನಾಗುವ ದಿನದ್ದು ಸುಗ್ಗಿಯ ಹಬ್ಬ. ಮೇಬನ್ ಅಂತ ಕರೆಯುತ್ತಾರೆ. ಹಬ್ಬದ ಭಾವ ಹಳೆಯದಿರಬಹುದು, ಹೆಸರು ಮಾತ್ರ ಹೊಸದು: 1970ರ ದಶಕದಲ್ಲಿ ಏಡನ್ ಕೆಲ್ಲಿ ಎಂಬ ಅಮೆರಿಕದವರು ವೆಲ್ಷ್ ಕತೆಯೊಂದರಿಂದ ತಂದಿಟ್ಟಿದ್ದು. ನಮ್ಮ ಅಜ್ಜಿಗೆ ಆ ಹೆಸರು ಹಿಡಿಸುವುದಿಲ್ಲ. ‘ಈಕ್ವಿನಾಕ್ಸ್’ ಅಂದು ಮುಗಿಸುತ್ತಾರೆ.

2023ರಲ್ಲಿ ನಾನೇ ಮೇಲೆ ಬಿದ್ದು, ಈ ಸಲ ಪೈ ನನ್ನದು ಅಂದೆ. ಪೈ ಅಂದರೆ ಲಟ್ಟಿಸಿದ ಹಿಟ್ಟಿನೊಳಗೆ ಹಣ್ಣು ತುಂಬಿ ಓವನ್ನಿನಲ್ಲಿ ಬೇಯಿಸುವ ಸಿಹಿ. ಅಜ್ಜಿಯ ಮರದ್ದೇ ಬ್ರಾಮ್ಲಿ ಸೇಬು ಬುಟ್ಟಿ ತುಂಬ ಇತ್ತು. ಮೇಲ್ಗಡೆ ನಕ್ಷತ್ರ ಕಾಣಲಿ ಅಂತ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ ಜೋಡಿಸಿ ಓವನ್ನಿಗಿಟ್ಟೆ. ಹೊರಗೆ ಬಂದಿದ್ದು ಗೊಜ್ಜು. ಬ್ರಾಮ್ಲಿ ಬೇಯಿಸುವುದಕ್ಕೆಂದೇ ಇರುವ ಹುಳಿ ಸೇಬು, ಬೆಂದರೆ ಪೂರ್ತಿ ಕರಗಿಹೋಗುತ್ತದೆ ಅಂತ ನನಗೇನು ಗೊತ್ತು? ನಕ್ಷತ್ರದ ಸುಳಿವೇ ಇರಲಿಲ್ಲ. ಹಿಟ್ಟಿನದು ಇನ್ನೊಂದು ಕತೆ. ಹೋಳಿಗೆಯ ಕಣಕ ನಾದಿ ನಾದಿ ಪಳಗಿದ ಕೈ, ಇಲ್ಲೂ ಹಾಗೇ ನಾದಿತು. ಕಣಕಕ್ಕೆ ಜಿಗುಟು ಬೇಕು, ಪೈ ಹಿಟ್ಟಿಗೆ ಅದೇ ಶತ್ರು. ಅಂಚು ಹಪ್ಪಳದಷ್ಟು ಗಟ್ಟಿ, ತಳ ಮಾತ್ರ ರಸ ಕುಡಿದು ಮೆತ್ತಗೆ. ಎಲ್ಲರೂ ಮೇಲೆ ಕಸ್ಟರ್ಡ್ ಸುರಿದುಕೊಂಡು ತಿಂದರು, ಪಾಪ.

ಈ ಬ್ರಾಮ್ಲಿಯ ಹುಟ್ಟಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. 1809ರಲ್ಲಿ ನಾಟಿಂಗ್‌ಹ್ಯಾಮ್‌ಶೈರಿನ ಸೌತ್‌ವೆಲ್‌ನಲ್ಲಿ ಮೇರಿ ಆನ್ ಬ್ರೇಲ್ಸ್‌ಫರ್ಡ್ ಎಂಬ ಹುಡುಗಿ ಬಿತ್ತಿದ ಬೀಜದಿಂದ ಬಂದ ಮರ ಅದು. ಆಮೇಲೆ ಆ ಮನೆ ಕೊಂಡ ಕಟುಕ ಮ್ಯಾಥ್ಯೂ ಬ್ರಾಮ್ಲಿ. ಬೀಜ ಬಿತ್ತಿದವಳು ಅವಳು, ಹೆಸರು ಮನೆ ಕೊಂಡವನದು!

ಮರುವರ್ಷ ಹಬ್ಬ ಸೆಪ್ಟೆಂಬರ್ 22ಕ್ಕೆ, ಭಾನುವಾರ ಬಂತು. ಈ ಸಲ ಎರಡು ಜಾತಿ ಸೇಬು ತಂದೆ: ಕರಗಲಿಕ್ಕೆ ಬ್ರಾಮ್ಲಿ, ಆಕಾರ ಉಳಿಸಿಕೊಳ್ಳಲಿಕ್ಕೆ ಹಾಗೇ ತಿನ್ನುವ ಕಾಕ್ಸ್. 200 ಗ್ರಾಂ ಮೈದಾಕ್ಕೆ ಫ್ರಿಜ್ಜಿನಿಂದ ಆಗಷ್ಟೇ ತೆಗೆದ 100 ಗ್ರಾಂ ಬೆಣ್ಣೆ, ಚಿಟಿಕೆ ಉಪ್ಪು. ಹಳಬರು ಇಲ್ಲಿ ಹಂದಿಕೊಬ್ಬು ಹಾಕುತ್ತಿದ್ದರು, ನಮ್ಮ ಮನೆಯಲ್ಲಿ ಅದು ನಡೆಯುವುದಿಲ್ಲ. ಬೆರಳ ತುದಿಯಲ್ಲಷ್ಟೇ ಉಜ್ಜಿ ರವೆಯಂತೆ ಪುಡಿ ಮಾಡಿಕೊಂಡು, ಮೂರು ಚಮಚ ತಣ್ಣೀರಿನಲ್ಲಿ ಒತ್ತಿ ಉಂಡೆ ಮಾಡಿದೆ. ನಾದಲಿಲ್ಲ. ಕೈ ತುರಿಸುತ್ತಿತ್ತು, ಆದರೂ ನಾದಲಿಲ್ಲ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಲಟ್ಟಿಸಿ, 23 ಸೆಂಟಿಮೀಟರ್ ತಟ್ಟೆಗೆ ಹಾಸಿ, ಮೇಲೆ ಬೇಕಿಂಗ್ ಕಾಗದ ಹರಡಿ, ಉಬ್ಬದಿರಲಿ ಅಂತ ಕಡಲೆಕಾಳು ತುಂಬಿ 200 ಡಿಗ್ರಿಯಲ್ಲಿ ಕಾಲು ಗಂಟೆ ಬೇಯಿಸಿದೆ. ಕಾಳು ತೆಗೆದು ಇನ್ನೈದು ನಿಮಿಷ. ಆಮೇಲೆ ತಳಕ್ಕೆ ಒಂದು ಚಮಚ ಚಿರೋಟಿ ರವೆ ಉದುರಿಸಿದೆ. ರಸವನ್ನೆಲ್ಲ ಅದು ಹೀರಿಕೊಳ್ಳುತ್ತದೆ. ನನ್ನದೇ ಉಪಾಯ ಅಂತ ಬೀಗುತ್ತಿದ್ದೆ, ಅಜ್ಜಿ ತಮ್ಮ ಅಮ್ಮನೂ ಹೀಗೇ ರವೆ ಹಾಕುತ್ತಿದ್ದರು ಅಂದುಬಿಟ್ಟರು.

ಅರ್ಧ ಕಿಲೋ ಬ್ರಾಮ್ಲಿಯನ್ನು 80 ಗ್ರಾಂ ಸಕ್ಕರೆ, ಎರಡು ಲವಂಗದ ಜೊತೆ ನೀರು ಹಾಕದೆ ಮಗುಚಿದರೆ ಹತ್ತೇ ನಿಮಿಷಕ್ಕೆ ಮುದ್ದೆ. ಏಲಕ್ಕಿ ಹಾಕುವ ಆಸೆಯಾಗಿತ್ತು, ಬಿಟ್ಟೆ. ಸೇಬಿನ ಘಮವನ್ನು ಅದು ನುಂಗಿಬಿಡುತ್ತದೆ. ಮುದ್ದೆ ಆರಿದ ಮೇಲೆ ತಟ್ಟೆಗೆ ಹರಡಿ, ಮೇಲೆ ಬೇಲಿಯಿಂದ ಕಿತ್ತ ಬ್ಲ್ಯಾಕ್‌ಬೆರಿ ಒಂದು ಬಟ್ಟಲು. ಸೆಪ್ಟೆಂಬರ್ 29ರ ಮೈಕಲ್‌ಮಸ್ ಎಂಬ ಕ್ರೈಸ್ತರ ಹಬ್ಬ ಕಳೆದರೆ ಸೈತಾನ ಅದರ ಮೇಲೆ ಉಗುಳುತ್ತಾನಂತೆ, ಕೀಳಬಾರದು. ಕಾಕ್ಸನ್ನು ಅಡ್ಡಕ್ಕೆ ಮೂರು ಮಿಲಿಮೀಟರ್ ಬಿಲ್ಲೆ ಮಾಡಿ, ಚಾಕುವಿನ ತುದಿಯಿಂದ ಬೀಜ ಎಬ್ಬಿಸಿ, ನಿಂಬೆರಸ ಸವರಿದೆ. ನಡುವಿಗೊಂದು, ಸುತ್ತ ಆರು: ಏಳು ಬಿಲ್ಲೆ ಅಳೆದು ಮಾಡಿಸಿದ ಹಾಗೆ ಕೂತವು. ಮೇಲೆ ಬೆಣ್ಣೆ ಸವರಿ ಸಕ್ಕರೆ ಉದುರಿಸಿ, 180 ಡಿಗ್ರಿಯಲ್ಲಿ 35 ನಿಮಿಷ.

ಏಳೂ ನಕ್ಷತ್ರ ಉಳಿದವು. ಬೀಜದ ಗೂಡಿನ ಸಿಪ್ಪೆ ಹಲ್ಲಿಗೆ ಸ್ವಲ್ಪ ಸಿಗುತ್ತದೆ, ಸುಳ್ಳು ಹೇಳುವುದಿಲ್ಲ. ಜೊತೆಗೆ ಪುಡಿಯಿಂದ ಮಾಡಿದ ಕಸ್ಟರ್ಡ್. ಆಲ್ಫ್ರೆಡ್ ಬರ್ಡ್ 1837ರಲ್ಲಿ ಮೊಟ್ಟೆ ಒಗ್ಗದ ಹೆಂಡತಿಗಾಗಿ ಅದನ್ನು ಕಂಡುಹಿಡಿದನಂತೆ. ಮೊಟ್ಟೆ ತಿನ್ನದ ನನಗೂ ಆಯಿತು.

ಸಂಜೆ ಹಿತ್ತಲಲ್ಲಿ ಆರೇಳು ಜನ. ಮೊದಲ ತುಂಡನ್ನು ಯಾರೂ ತಿನ್ನುವಂತಿಲ್ಲ, ಅದು ನೆಲದ ಪಾಲು. ಅಜ್ಜಿ ಅದನ್ನು ಮರದ ಬುಡದಲ್ಲಿಟ್ಟು, ಮೇಲೆ ಸೇಬಿನ ಮದ್ಯವಾದ ಸೈಡರ್ ಸುರಿದು, ಆ ವರ್ಷದ ಫಸಲಿಗೆ ಥ್ಯಾಂಕ್ಸ್ ಹೇಳಿದರು. ಅಷ್ಟೇ ಪೂಜೆ.

ಮಾರನೇ ದಿನ ಅಮ್ಮನಿಗೆ ಫೋನಿನಲ್ಲಿ ಫೋಟೋ ತೋರಿಸಿದೆ. ಊರಲ್ಲಿ ಆಗ ಪಿತೃಪಕ್ಷ. ‘ಪಕ್ಷದಲ್ಲಿ ಯಾವ ಹಬ್ಬವೇ?’ ಅಂತ ಶುರು ಮಾಡಿದವಳು, ಮರದ ಬುಡದ ತುಂಡಿನ ವಿಷಯ ಕೇಳಿದ್ದೇ, ‘ಕಾಗೆ ಮುಟ್ಟಿತಾ?’ ಅಂದಳು. ಕಿಟಕಿಯಿಂದ ಬಗ್ಗಿ ನೋಡಿದೆ. ಕಾಗೆಯಲ್ಲ, ಅದರದೇ ಜಾತಿಯ ಸಣ್ಣ ಜ್ಯಾಕ್‌ಡಾ ಎರಡು ಕೂತಿದ್ದವು. ಸೇಬೆಲ್ಲ ಖಾಲಿಯಾಗಿತ್ತು, ಅಂಚಿನ ಹಿಟ್ಟಿಗಾಗಿ ಕಿತ್ತಾಡುತ್ತಿದ್ದವು.